ವಿಳಾಸವಿಲ್ಲದ ಪುಸ್ತಕ

ಯುಗಾದಿಯ ಹಿಂದಿನ ವಾರ ಊರಿನಿಂದ ನಮ್ಮ ತಾಯಿಯವರ ಕಾಗದ ಬಂದಿತು. ದಿನವೂ ಟೆಲಿಫೋನಿನಲ್ಲಿ ಮಾತನಾಡುವವರು ಕಾಗದವನ್ನೇಕೆ ಬರೆದರೆಂದು ತಾವು ಕೇಳಬಹುದು. ಕಾಗದ ನನಗಲ್ಲ, ನನ್ನ ಏಳು ವರ್ಷದ ಮಗಳಿಗೆ. ಮಗಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮೂಸಿಯೂ ನೋಡಿ, "ಅಪ್ಪಾ, ಓದಿ ಹೇಳು" ಎಂದು ನನ್ನ ಕೈಗೆ ಕೊಟ್ಟಳು. ಓದುತ್ತ ಹೋದೆ. ನಡುವೆ ಒಂದು ಕಡೆ, 'ಅಪ್ಪನಿಗೆ ಹೇಳಬೇಡ, ನಿನಗಾಗಿ ಕೊಬ್ಬರಿ ಮಿಠಾಯಿ ಮಾಡಿ ಡಬ್ಬಿಯಲ್ಲಿ ಎತ್ತಿಟ್ಟಿದ್ದೇನೆ' ಎಂದು ಬರೆದಿತ್ತು. ಅಜ್ಜಿ ಮೊಮ್ಮಗಳ ನಡುವಿನ ಗುಟ್ಟನ್ನು ನಾನೇ ಗಟ್ಟಿಯಾಗಿ ಓದಿ ಹೇಳಬೇಕಾಯಿತು. ಮಗಳು ನಕ್ಕಳು. ನನ್ನ ಹೆಂಡತಿ ಮಾತ್ರ ನಗಲಿಲ್ಲ.

ಈ ಮಗು ಶಾಲೆಯಲ್ಲಿ ತಮಿಳು ಓದುತ್ತಾಳೆ, ಇಂಗ್ಲಿಷು ಓದುತ್ತಾಳೆ. ಮನೆಯಲ್ಲಿ ಕನ್ನಡವನ್ನು ಅಚ್ಚುಕಟ್ಟಾಗಿಯೇ ಆಡುತ್ತಾಳೆ. ಅಕ್ಷರ ಮಾತ್ರ ಬಾರದು. ಚೆನ್ನೈಯಲ್ಲಿ ನೆಲೆಸಿದ ನಮ್ಮಂಥವರ ಅನೇಕ ಮನೆಗಳಲ್ಲಿ ಇದೇ ಕಥೆ. 'ಇವತ್ತು, ನಾಳೆ' ಎನ್ನುತ್ತ ಮಗು ಹೈಸ್ಕೂಲಿಗೆ ಹೋಗಿಬಿಡುತ್ತದೆ. ಅಂದು ರಾತ್ರಿ ನಾನು ನಿಶ್ಚಯಿಸಿದೆ: ಈ ಬೇಸಿಗೆ ರಜದಲ್ಲಿ ಕನ್ನಡ ಅಕ್ಷರ ಕಲಿಸಿಯೇ ಬಿಡುವುದು. ನಿಶ್ಚಯ ಮಾಡಿದವನು ಮಾಡತಕ್ಕ ಮೊದಲ ಕೆಲಸ ಹಲಗೆ ಬಳಪ ತರುವುದಾಗಿತ್ತು. ನಾನು ಮಾಡಿದ್ದೇನೆಂದರೆ, ಮಲಗಿದಲ್ಲಿಯೇ ಮೊಬೈಲು ತೆಗೆದು ಒಂದು ದೊಡ್ಡ ಆನ್‌ಲೈನ್ ಅಂಗಡಿಯಲ್ಲಿ ಹುಡುಕಿದ್ದು. ಬಣ್ಣ ಬಣ್ಣದ ಚಿತ್ರಗಳೊಡನೆ ಮಕ್ಕಳಿಗೆ ಕನ್ನಡ ಕಲಿಸುವ ಪುಸ್ತಕವೊಂದು ಕಾಣಿಸಿತು. ಬೆಲೆ 349 ರೂಪಾಯಿ. ಐದು ನಕ್ಷತ್ರಗಳ ಪ್ರಶಂಸೆ. ಗುಂಡಿ ಒತ್ತಿದೆ, ಮೂರನೆಯ ದಿನ ಪುಸ್ತಕ ಬಾಗಿಲಿಗೆ ಬಂದಿತು.

ರಕ್ಷಾಪುಟ ಕನ್ನಡಿಯಂತೆ ಹೊಳೆಯುತ್ತಿತ್ತು. ನನಗೆ ಆಗ ಆಫೀಸಿನಲ್ಲಿ ಮಾರ್ಚಿ ತಿಂಗಳ ಲೆಕ್ಕದ ಗಡಿಬಿಡಿ. ಮಗಳಿಗೆ ಪುಸ್ತಕ ಕೊಟ್ಟು, "ದಿನಕ್ಕೆ ನಾಲ್ಕು ಅಕ್ಷರ ತಿದ್ದು, ಭಾನುವಾರ ನೋಡುತ್ತೇನೆ" ಎಂದೆ. ಭಾನುವಾರಗಳು ಎರಡು ಬಂದವು, ಹೋದವು. ಮಗಳು ಜಾಣೆ. ತಮಿಳಿನ ಅಕ್ಷರ ಬಲ್ಲವಳಿಗೆ ಕನ್ನಡದ ಕ್ರಮ ಹಿಡಿಯುವುದು ಕಷ್ಟವಾಗಲಿಲ್ಲ. ಅಷ್ಟೇ ಅಲ್ಲ, ಅಜ್ಜಿಗೆ ತಾನೇ ನಾಲ್ಕು ಸಾಲು ಕಾಗದ ಬರೆದು, ಅಮ್ಮನಿಂದ ವಿಳಾಸ ಬರೆಯಿಸಿ, ಟಪ್ಪಾಲಿಗೂ ಹಾಕಿಬಿಟ್ಟಿದ್ದಳು. ನಾಲ್ಕನೆಯ ದಿನ ನಮ್ಮ ತಾಯಿಯವರು ಟೆಲಿಫೋನು ಮಾಡಿ, "ಮಗುವಿಗೆ ಯಾರಪ್ಪಾ ಹೇಳಿಕೊಡುತ್ತಿರುವವರು?" ಎಂದು ಕೇಳಿದರು. ನಾನು ಹೆಮ್ಮೆಯಿಂದ "ಏಕಮ್ಮಾ?" ಎಂದೆ. "ಣವಿಲು ಎಂದು ಬರೆದಿದ್ದಾಳೆ" ಎಂದರು.

ಪುಸ್ತಕವನ್ನು ಆಗ ಬಿಚ್ಚಿ ನೋಡಿದೆ. 'ಣ' ಅಕ್ಷರದ ಪುಟದಲ್ಲಿ ಗರಿ ಕೆದರಿದ ನವಿಲು. ಕೆಳಗೆ ದಪ್ಪಕ್ಷರದಲ್ಲಿ 'ಣವಿಲು'. ಕನ್ನಡದಲ್ಲಿ 'ಣ'ಕಾರದಿಂದ ಮೊದಲಾಗುವ ಮಾತು ದೊರೆಯುವುದಿಲ್ಲವೆಂದೇ ನಮ್ಮ ಮೇಷ್ಟರು ಆ ಅಕ್ಷರಕ್ಕೆ 'ಬಾಣ', 'ವೀಣೆ' ಎಂದು ಹೇಳಿಕೊಡುತ್ತಿದ್ದದ್ದು. ಈ ಪುಸ್ತಕವನ್ನು ಬರೆದ ಮಹಾನುಭಾವನಿಗೆ ಆ ತೊಂದರೆ ತೋರಿರಲಿಲ್ಲ. ಮುಂದಿನ ಪುಟದ ಆನೆಗೆ ಎರಡು ಸೊಂಡಿಲು. ಕೆಲವು ಅಕ್ಷರಗಳ ತಲೆಕಟ್ಟು ತೆಲುಗಿನದು. ಕಾಗುಣಿತದಲ್ಲಿ 'ಕೃ' ಇಲ್ಲವೇ ಇಲ್ಲ. ಅದರ ಬದಲಿಗೆ 'ಕು' ಎರಡು ಸಲ. ಒತ್ತಕ್ಷರಗಳ ಪುಟವನ್ನಂತೂ ವರ್ಣಿಸಲಾರೆ. ನಾನು ಮಗಳಿಗೆ "ಇದು ತಪ್ಪು, ನವಿಲು ಎಂದಿರಬೇಕು" ಎಂದೆ. ಅವಳು ಒಪ್ಪಲಿಲ್ಲ. "ನಾವು ಮನೆಯಲ್ಲಿ ಹಾಗೆ ಹೇಳುತ್ತೇವೆ ಅಪ್ಪಾ, ಬರೆಯುವಾಗ ಹೀಗೆ. ಪುಸ್ತಕದಲ್ಲಿ ಇದೆಯಲ್ಲ" ಎಂದಳು. ಅಚ್ಚಾದದ್ದೆಲ್ಲ ನಿಜವೆಂಬ ನಂಬಿಕೆಯನ್ನು ಅವಳಿಗೆ ಕಲಿಸಿದವರೂ ನಾವೇ ತಾನೆ?

ದೂರು ಬರೆಯೋಣವೆಂದು ಪುಸ್ತಕದಲ್ಲಿ ಪ್ರಕಾಶಕರ ವಿಳಾಸವನ್ನು ಹುಡುಕಿದೆ. ಇರಲಿಲ್ಲ. ಮುದ್ರಣಾಲಯದ ಹೆಸರಿಲ್ಲ, ಊರಿಲ್ಲ, ಮೊದಲ ಮುದ್ರಣದ ವರ್ಷವಿಲ್ಲ. ಲೇಖಕನ ಹೆಸರೆಂದು ಯಾವುದೋ ಪರದೇಶದ ಹೆಸರಿತ್ತು; ಆ ಹೆಸರಿನಲ್ಲಿಯೇ ಅರಬ್ಬಿ, ಸ್ವಾಹಿಲಿ, ಬಂಗಾಳಿ ಕಲಿಸುವ ಪುಸ್ತಕಗಳೂ ಆ ಅಂಗಡಿಯಲ್ಲಿದ್ದವು. ಇಷ್ಟು ಭಾಷೆಗಳನ್ನು ಬಲ್ಲ ಪಂಡಿತನು ಮನುಷ್ಯನಾಗಿರಲಾರನೆಂದು ಆಗ ಹೊಳೆಯಿತು. ಕೃತಕ ಬುದ್ಧಿಯ ಯಂತ್ರದಿಂದ ಬರೆಯಿಸಿ, ಅದರಿಂದಲೇ ಚಿತ್ರ ಹಾಕಿಸಿ, ಕಣ್ಣಾಡಿಸದೆ ಅಂಗಡಿಗೆ ಬಿಟ್ಟ ಸರಕೆಂದೇ ನನ್ನ ಊಹೆ. ಅಂಗಡಿಯವರಿಗೆ ದೂರು ಕಳುಹಿಸಿದರೆ ಉತ್ತರ ಕೊಟ್ಟದ್ದೂ ಯಂತ್ರವೇ. ಹಿಂದಿರುಗಿಸುವ ಗಡುವು ಮುಗಿದಿದೆಯೆಂದು ಬಹಳ ವಿನಯದಿಂದ ತಿಳಿಸಿತು. ಆ ಅಂಗಡಿಯ ಹೆಸರು ಇಲ್ಲಿ ಬೇಡ. ತಪ್ಪಿನಲ್ಲಿ ಅರ್ಧ ಪಾಲು ನನ್ನದು. ನೋಡದೆ ಕೊಂಡವನು ನಾನು, ಕಲಿಸಬೇಕಾದ ಕೆಲಸವನ್ನು 349 ರೂಪಾಯಿಗೆ ಗುತ್ತಿಗೆ ಕೊಟ್ಟವನೂ ನಾನು.

ಸರಕಾರಿ ಗುಮಾಸ್ತನಿಗೆ ಕಾಯಿದೆಯ ಚಟ ಇರುತ್ತದೆ. ಹುಡುಕಿ ನೋಡಿದೆ. 1867ರಷ್ಟು ಹಿಂದೆಯೇ ಬ್ರಿಟಿಷರು ಮಾಡಿದ ಕಾಯಿದೆಯೊಂದಿತ್ತು. ಈ ದೇಶದಲ್ಲಿ ಅಚ್ಚಾಗುವ ಪ್ರತಿ ಪುಸ್ತಕದ ಮೇಲೂ ಅಚ್ಚು ಹಾಕಿದವನ ಹೆಸರು, ಊರು, ಪ್ರಕಾಶಕನ ಹೆಸರು, ಊರು ಓದಲು ಬರುವಂತೆ ಇರಬೇಕೆಂದು ಅದು ವಿಧಿಸಿತ್ತು. ಅವರ ಉದ್ದೇಶ ರಾಜದ್ರೋಹಿಗಳನ್ನು ಹಿಡಿಯುವುದಾಗಿರಬಹುದು. ನಮಗಾದ ಲಾಭವೆಂದರೆ ಪುಸ್ತಕಕ್ಕೊಂದು ಮನೆ ವಿಳಾಸ ದೊರೆತದ್ದು. ಆ ಹಳೆಯ ಕಾಯಿದೆಯನ್ನು ತೆಗೆದು 2023ರಲ್ಲಿ ಹೊಸದನ್ನು ಮಾಡಿದಾಗ ಪತ್ರಿಕೆಗಳನ್ನು ಮಾತ್ರ ಉಳಿಸಿಕೊಂಡು ಪುಸ್ತಕಗಳನ್ನು ಕೈಬಿಟ್ಟರು. ಯಂತ್ರಗಳು ಪುಸ್ತಕ ಬರೆಯಲು ತೊಡಗಿದ ವರ್ಷದಲ್ಲಿಯೇ ಹೀಗಾದದ್ದು ವಿಚಿತ್ರ. ಇನ್ನೊಂದು ಕಾಯಿದೆ, 1954ರದು, ಇನ್ನೂ ಇದೆ: ಪ್ರಕಾಶಕರು ಪ್ರತಿ ಪುಸ್ತಕದ ಒಂದೊಂದು ಪ್ರತಿಯನ್ನು ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಕೆಲವು ಗ್ರಂಥಾಲಯಗಳಿಗೂ ಕಳುಹಿಸಿಕೊಡಬೇಕು. ಆ ಕೆಲವರಲ್ಲಿ ನಮ್ಮ ಎಗ್ಮೂರಿನ ಕಾನೆಮಾರಾ ಗ್ರಂಥಾಲಯವೂ ಒಂದು. 1896ರಲ್ಲಿ ತೆರೆದ ಆ ಕಟ್ಟಡಕ್ಕೆ ಧಾರವಾಡ ಮೈಸೂರುಗಳ ಕನ್ನಡ ಪುಸ್ತಕವೂ ಬಂದು ಸೇರಬೇಕೆಂಬುದು ಈ ಊರಿನಲ್ಲಿರುವ ಎಷ್ಟು ಜನ ಕನ್ನಡಿಗರಿಗೆ ಗೊತ್ತೋ! ನನ್ನ ಮನೆಯ ಣವಿಲಿನ ಪುಸ್ತಕ ಅಲ್ಲಿಗೆ ಹೋಗಿರಲಾರದು. ಕಳುಹಿಸುವವನೇ ಇಲ್ಲವಲ್ಲ.

ಈ ಸಂಗತಿಯನ್ನು ಆಫೀಸಿನಲ್ಲಿ ಪಕ್ಕದ ಮೇಜಿನ ಸ್ನೇಹಿತರಿಗೆ ಹೇಳಿದೆ. ಅವರು ತಮಿಳಿನಲ್ಲಿ ಕಥೆ ಬರೆಯುವವರು. ನಾನು ನಗುತ್ತ ಹೇಳಿದೆ, ಅವರು ನಗಲಿಲ್ಲ. ತಮ್ಮ ಕಥೆಗಳನ್ನು ಅಮೆಜಾನಿನ ಕಿಂಡಲ್ ಅಂಗಡಿಯಲ್ಲಿ ಇಟ್ಟಿದ್ದವರು ಅವರು. ಹೋದ ಡಿಸೆಂಬರಿನಲ್ಲಿ ಎಲ್ಲವನ್ನೂ ಅಲ್ಲಿಂದ ತೆಗೆದುಕೊಂಡರೆಂಬುದು ಆ ದಿನ ನನಗೆ ತಿಳಿಯಿತು. ಏಕೆಂದು ಕೇಳಿದೆ. ಅವರು ಹೇಳಿದ್ದನ್ನೂ, ಆಮೇಲೆ ನಾನು ಓದಿ ತಿಳಿದದ್ದನ್ನೂ ಸೇರಿಸಿ ಹೇಳುತ್ತೇನೆ.

ಆ ಅಂಗಡಿ ಮೊದಲು ಬರಹಗಾರರಿಗೆ ಮಾಡಿದ ಉಪಕಾರವನ್ನು ಅಲ್ಲಗಳೆಯಲಾಗದು. ಪ್ರಕಾಶಕರ ಬಾಗಿಲು ಕಾಯದೆ ಯಾರು ಬೇಕಾದರೂ ತಮ್ಮ ಬರಹವನ್ನು ಮಾರಬಹುದಾಗಿತ್ತು. ಮಾರಾಟದ ಬೆಲೆಯಲ್ಲಿ ನೂರಕ್ಕೆ 35, ಕೆಲವು ಕರಾರುಗಳಿಗೆ ಒಪ್ಪಿದರೆ ನೂರಕ್ಕೆ 70 ಲೇಖಕನಿಗೆ. ನಮ್ಮ ಕಡೆಯ ಯಾವ ಪ್ರಕಾಶಕ ಇಷ್ಟು ಕೊಟ್ಟಾನು? ಆದರೆ ಯಾರು ಬೇಕಾದರೂ ಬರಬಹುದೆಂದಾಗ ಯಂತ್ರವೂ ಬಂದಿತು. 2023ರ ಆಗಸ್ಟಿನಲ್ಲಿ ಜೇನ್ ಫ್ರೀಡ್‌ಮನ್ ಎಂಬ ಅಮೆರಿಕದ ಲೇಖಕಿ, ತಾನು ಬರೆಯದ ಪುಸ್ತಕಗಳು ತನ್ನ ಹೆಸರಿನಲ್ಲಿ ಅಲ್ಲಿ ಮಾರಾಟಕ್ಕಿರುವುದನ್ನು ಕಂಡರು. ಯಂತ್ರದಿಂದ ಬರೆಯಿಸಿದವೆಂದು ಅವರ ಅನುಮಾನ. ಗದ್ದಲವೆದ್ದ ಮೇಲೆ ತೆಗೆದುಹಾಕಿದರು. ಮರು ತಿಂಗಳು ಅಮೆಜಾನ್ ಒಂದು ನಿಯಮ ಮಾಡಿತು: ಒಬ್ಬ ಲೇಖಕ ದಿನಕ್ಕೆ ಮೂರಕ್ಕಿಂತ ಹೆಚ್ಚು ಹೊಸ ಪುಸ್ತಕಗಳನ್ನು ಪ್ರಕಟಿಸಕೂಡದು! ದಿನಕ್ಕೆ ಮೂರು! ಇದು ನಿರ್ಬಂಧವಂತೆ. ನಮ್ಮ ಅ.ನ.ಕೃ. ಅವರು ನೂರಕ್ಕೆ ಮೇಲ್ಪಟ್ಟು ಕಾದಂಬರಿಗಳನ್ನು ಬರೆದರೆಂದು ನಾವು ಬೆರಗಾಗುತ್ತೇವೆ. ಈ ನಿಯಮದ ಮಿತಿಯೊಳಗೇ ಯಂತ್ರವು ಅಷ್ಟನ್ನು ಒಂದೆರಡು ತಿಂಗಳಲ್ಲಿ ಮುಗಿಸಬಹುದು. ಯಂತ್ರ ಬರೆದದ್ದಾದರೆ ಹಾಗೆಂದು ಲೇಖಕನು ಅಂಗಡಿಗೆ ತಿಳಿಸಬೇಕೆಂದೂ ಆಗ ವಿಧಿಸಿದರು. ಆದರೆ ಕೊಳ್ಳುವವನಿಗೆ ತಿಳಿಸುವ ಏರ್ಪಾಡು ಮಾಡಲಿಲ್ಲ.

ಸ್ನೇಹಿತರ ಮನಸ್ಸು ಮುರಿದದ್ದು ಇದರಿಂದಲ್ಲ. 2025ರ ಡಿಸೆಂಬರಿನಲ್ಲಿ ಕಿಂಡಲ್‌ನವರು ಅಮೆರಿಕದಲ್ಲಿ, ಇಂಗ್ಲಿಷ್ ಪುಸ್ತಕಗಳಿಗೆ, ಒಂದು ಹೊಸ ಸೌಕರ್ಯವನ್ನು ತಂದರು. ಓದುತ್ತಿರುವ ಪುಸ್ತಕದ ಬಗ್ಗೆ ಏನು ಕೇಳಿದರೂ ಯಂತ್ರ ಉತ್ತರ ಹೇಳುತ್ತದೆ. ಲೇಖಕರು "ನನ್ನ ಪುಸ್ತಕಕ್ಕೆ ಇದು ಬೇಡ" ಎನ್ನಲು ಅವಕಾಶವಿಲ್ಲ. "ತಮಿಳಿಗೆ ಅದು ಇನ್ನೂ ಬಂದಿಲ್ಲ, ಸರಿ. ಆದರೆ ನನ್ನ ಮನೆಯಲ್ಲಿ ಯಾರನ್ನು ಕೂರಿಸಬೇಕೆಂಬುದನ್ನು ನನ್ನನ್ನು ಕೇಳಬೇಕೋ ಬೇಡವೋ?" ಎಂದರು ಅವರು. ಈಗ ಮುನ್ನೂರು ಪ್ರತಿ ಅಚ್ಚು ಹಾಕಿಸಿ ತಾವೇ ಮಾರುತ್ತಾರೆ. ಹೋದ ಜನವರಿಯಲ್ಲಿ ನಂದನದ ಪುಸ್ತಕ ಮೇಳದಲ್ಲಿ ಸ್ನೇಹಿತರೊಬ್ಬರ ಮಳಿಗೆಯ ಮೂಲೆಯಲ್ಲಿ ನಿಂತು ನಲವತ್ತು ಪ್ರತಿ ಮಾರಿದರಂತೆ. ನಷ್ಟವೇ. "ನಲವತ್ತು ಮುಖ ನೋಡಿದೆನಪ್ಪಾ" ಎಂದು ಅವರು ಹೇಳಿದಾಗ ನನಗೆ ಏನು ಹೇಳಬೇಕೋ ತೋಚಲಿಲ್ಲ.

ಇದು ಅವರೊಬ್ಬರ ಹಟವೂ ಅಲ್ಲ. ಅಮೆರಿಕದಲ್ಲಿ ಲೇಖಕರ ಸಂಘವು, 'ಇದು ಮನುಷ್ಯ ಬರೆದದ್ದು' ಎಂದು ಪುಸ್ತಕದ ಮೇಲೆ ಹಾಕಿಕೊಳ್ಳುವ ಮುದ್ರೆಯೊಂದನ್ನು 2025ರ ಜನವರಿಯಲ್ಲಿ ತಂದಿತು. ತುಪ್ಪದ ಡಬ್ಬಿಯ ಮೇಲೆ ಆಗ್‌ಮಾರ್ಕ್ ಇದ್ದಂತೆ. ಊರಿನ ಸಣ್ಣ ಪುಸ್ತಕದಂಗಡಿಗಳಿಗೆ ಲಾಭದಲ್ಲಿ ಪಾಲು ಕೊಡುವ 'ಬುಕ್‌ಶಾಪ್' ಎಂಬ ಸಂಸ್ಥೆ 2020ರಲ್ಲಿ ಆರಂಭವಾಯಿತು. 2025ರಿಂದ ಅದು ವಿದ್ಯುನ್ಮಾನ ಪುಸ್ತಕಗಳನ್ನೂ ಮಾರುತ್ತಿದೆ. ಅಂಗಡಿಯ ಮಾತು ಇದಾದರೆ, ಯಂತ್ರಗಳು ವಿದ್ಯೆ ಕಲಿತ ಕಥೆ ಬೇರೆಯೇ. ಆಂಥ್ರೊಪಿಕ್ ಎಂಬ ಕಂಪೆನಿ ತನ್ನ ಯಂತ್ರಕ್ಕೆಂದು ಕಳ್ಳ ಪ್ರತಿಗಳನ್ನು ರಾಶಿ ಹಾಕಿದ್ದಕ್ಕಾಗಿ ಲೇಖಕರು ಮೊಕದ್ದಮೆ ಹೂಡಿದರು. ಕಂಪೆನಿ 2025ರ ಸೆಪ್ಟೆಂಬರಿನಲ್ಲಿ 150 ಕೋಟಿ ಡಾಲರು ಕೊಡಲು ಒಪ್ಪಿ ರಾಜಿಯಾಯಿತು. ಸುಮಾರು ಐದು ಲಕ್ಷ ಪುಸ್ತಕಗಳಿಗೆ ತಲಾ ಸುಮಾರು 3,000 ಡಾಲರು. ಕೊಂಡು ತಂದ ಪುಸ್ತಕವನ್ನು ಯಂತ್ರಕ್ಕೆ ಓದಿಸಿದ್ದು ತಪ್ಪಲ್ಲ, ಕದ್ದದ್ದನ್ನು ಕೂಡಿಹಾಕಿದ್ದು ತಪ್ಪು ಎಂದು ನ್ಯಾಯಾಧೀಶರು ಅದಕ್ಕೆ ಮೊದಲೇ ಹೇಳಿದ್ದರು. ಈ ಭೇದ ನನಗೆ ನ್ಯಾಯವಾಗಿಯೇ ತೋರುತ್ತದೆ. ಸ್ನೇಹಿತರಿಗೆ ತೋರುವುದಿಲ್ಲ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. ಆಫೀಸಿನ ಇಂಗ್ಲಿಷ್ ಟಿಪ್ಪಣಿಗಳನ್ನು ತಿದ್ದಲು ನಾನೂ ಆ ಯಂತ್ರದ ನೆರವು ಪಡೆದಿದ್ದೇನೆ. ನನ್ನ ಇಂಗ್ಲಿಷಿಗಿಂತ ಅದರದು ಮೇಲು. ಆದರೆ ಟಿಪ್ಪಣಿಯ ಕೆಳಗೆ ಸಹಿ ಹಾಕುವವನು ನಾನು. ತಪ್ಪಾದರೆ ಮೆಮೋ ಬರುವುದು ನನಗೆ.

ಸ್ನೇಹಿತರು ಆ ಅಂಗಡಿಯನ್ನು ಬಿಟ್ಟು ಬಂದೆನೆಂದಾಗ ನನಗೆ ಒಳಗೊಳಗೇ ಒಂದು ವಿಷಾದದ ನಗೆ ಬಂದಿತು. ಬಿಟ್ಟು ಬರಲು ನಮ್ಮನ್ನು ಒಳಗೆ ಸೇರಿಸಿದ್ದರು ಯಾವಾಗ? 2016ರ ಡಿಸೆಂಬರಿನಲ್ಲಿ ಕಿಂಡಲ್ ಭಾರತೀಯ ಭಾಷೆಗಳಿಗೆ ಬಾಗಿಲು ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ ಈ ಐದು ಒಳಗೆ ಹೋದವು. ಕನ್ನಡವನ್ನು ಬಿಟ್ಟರು. ನಮ್ಮವರು ಮನವಿ ಬರೆದರು, ಸಹಿ ಕೂಡಿಸಿದರು, ಬಾಗಿಲು ತೆರೆಯಲಿಲ್ಲ. ಕೊನೆಗೆ ಕನ್ನಡಿಗರೇ ತಮ್ಮ ಅಂಗಡಿ ಕಟ್ಟಿಕೊಂಡರು. 2020ರ ಹೊತ್ತಿಗೆ ಬಂದ 'ಮೈಲ್ಯಾಂಗ್' ಅಂಥದು. ಕನ್ನಡ ಪುಸ್ತಕಗಳನ್ನು ಮೊಬೈಲಿನಲ್ಲಿ ಓದಬಹುದು, ಕೇಳಲೂಬಹುದು. ನನ್ನ ಹೆಂಡತಿ ತಾಂಬರಂ ರೈಲಿನಲ್ಲಿ ನಿಂತುಕೊಂಡೇ ಕಾದಂಬರಿ ಕೇಳುತ್ತಾಳೆ. ಓದುವವರು ಮನುಷ್ಯರೇ ಎಂಬುದು ಕೆಮ್ಮನ್ನು ತಡೆದುಕೊಂಡ ಸದ್ದಿನಿಂದ ಗೊತ್ತಾಗುತ್ತದೆಂದು ಅವಳ ಅಂಬೋಣ.

ಅಂಗಡಿ ಕಟ್ಟಿಕೊಳ್ಳುವುದು ನಮಗೆ ಹೊಸದೂ ಅಲ್ಲ. ಗಳಗನಾಥರು (1869–1942) ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರಿಂದ ಊರಿಗೆ ನಡೆದು ಮಾರಿದವರು. ಪುತ್ತೂರಿನಲ್ಲಿ ಶಿವರಾಮ ಕಾರಂತರು 'ಹರ್ಷ' ಮುದ್ರಣಾಲಯವನ್ನಿಟ್ಟು ತಮ್ಮ ಪುಸ್ತಕಗಳನ್ನು ತಾವೇ ಅಚ್ಚು ಹಾಕಿದರು. 1956ರವರೆಗೆ ಆ ಪುತ್ತೂರೂ ಮದರಾಸಿನ ಆಡಳಿತಕ್ಕೇ ಸೇರಿತ್ತೆಂಬುದನ್ನು ನಮ್ಮ ಸಂಘದ ಹಿರಿಯರು ನೆನಪಿಸುತ್ತಿರುತ್ತಾರೆ. ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆಯನ್ನು ತೊಡಗಿ, ಓದುವವರಿಂದ ಮುಂಗಡವಾಗಿ ಚಂದಾ ಕೂಡಿಸಿ ಪುಸ್ತಕಗಳನ್ನು ಮನೆಗೆ ಕಳುಹಿಸುವ ಪದ್ಧತಿ ಹಾಕಿದರು. ಪುಸ್ತಕ ಚೆನ್ನಾಗಿಲ್ಲದಿದ್ದರೆ ಚಂದಾದಾರನು ಬೈದು ಕಾಗದ ಬರೆಯಬಹುದಾಗಿತ್ತು. ಬೈಗುಳ ಹೋಗಿ ಸೇರುವುದಕ್ಕೆ ಒಂದು ವಿಳಾಸವಿತ್ತು.

ನಾನೂ ಒಂದು ವಿಳಾಸ ಹುಡುಕಿದೆ. ಕರ್ನಾಟಕದ ಒಂದು ಸಣ್ಣ ಊರಿನ ಪ್ರಕಾಶಕರು. ಅವರ ಹಳೆಯ ಪುಸ್ತಕವೊಂದು ಮನೆಯಲ್ಲಿತ್ತು, ಅದರ ಎರಡನೆಯ ಪುಟದಲ್ಲಿ ಟೆಲಿಫೋನ್ ಸಂಖ್ಯೆ ಇತ್ತು. ಕರೆ ಮಾಡಿದರೆ ಅವರೇ ಎತ್ತಿಕೊಂಡರು. ಹಿನ್ನೆಲೆಯಲ್ಲಿ ಒಗ್ಗರಣೆಯ ಸದ್ದು. ಮಕ್ಕಳ ಅಕ್ಷರಮಾಲೆ ಬೇಕೆಂದೆ. "ಮಗುವಿಗೆ ಎಷ್ಟು ವರ್ಷ? ಮಾತು ಬರುತ್ತದೋ? ತಮಿಳು ಓದುತ್ತದೋ?" ಎಂದು ವೈದ್ಯರಂತೆ ವಿಚಾರಿಸಿದರು. ಬಳಿಕ, "ನಮ್ಮ ಪುಸ್ತಕ ನಿಮಗೆ ಬೇಡಿ, ಅದು ಮೂರು ವರ್ಷದ ಮಕ್ಕಳಿಗೆ ಸರಿ. ಬೇರೆಯವರದೊಂದಿದೆ, ಅದನ್ನು ತರಿಸಿ ಕಳುಹಿಸುತ್ತೇನೆ" ಎಂದರು. ತನ್ನ ಸರಕು ಬೇಡವೆಂದ ವರ್ತಕನನ್ನು ನಾನು ಕಂಡದ್ದು ಅದೇ ಮೊದಲು.

ಅವರಿಂದ ಇನ್ನೊಂದು ವಿಷಯವೂ ತಿಳಿಯಿತು. ಸಣ್ಣ ಪ್ರಕಾಶಕರಿಗೆ ಬಹುಕಾಲದಿಂದ ಆಸರೆಯಾಗಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟನ್ನು ಅಂಚೆ ಇಲಾಖೆಯವರು 2024ರ ಡಿಸೆಂಬರಿನಲ್ಲಿ ನಿಲ್ಲಿಸಿಬಿಟ್ಟರು. ನೂರು ರೂಪಾಯಿಯ ಪುಸ್ತಕಕ್ಕೆ ಅಂಚೆಯ ವೆಚ್ಚವೇ ಭಾರವಾಯಿತು. ಕೂಗು ಎದ್ದ ಮೇಲೆ 2025ರ ಮೇ 1ರಿಂದ 'ಜ್ಞಾನ ಪೋಸ್ಟ್' ಎಂಬುದು ಬಂದಿತು: 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ. ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರಿರಬೇಕೆಂಬುದು ಇದರ ನಿಯಮಗಳಲ್ಲೊಂದು. ಕಾಯಿದೆ ಕೈಬಿಟ್ಟದ್ದನ್ನು ಟಪ್ಪಾಲಿನವರು ಹಿಡಿದುಕೊಂಡಿದ್ದಾರೆಂದು ನನಗೆ ಸಂತೋಷವಾಯಿತು.

ಪುಸ್ತಕ ಬಂದದ್ದು ಹನ್ನೊಂದನೆಯ ದಿನ. ಒಂದು ಮೂಲೆ ಮಡಿಸಿತ್ತು. ಬಣ್ಣಗಳು ಅಷ್ಟಕ್ಕಷ್ಟೆ. ಮಗಳು ಮೊದಲು ಮೂಗು ಮುರಿದಳು. ಹೆಂಡತಿಯೂ, "ಅಲ್ಲಿ ಮೂರು ದಿನ, ಇಲ್ಲಿ ಹನ್ನೊಂದು. ನಿಮ್ಮ ಆದರ್ಶಕ್ಕೆ ನಾನು ಅಡ್ಡ ಬರುವುದಿಲ್ಲ, ಆದರೆ ಶಾಲೆ ತೆರೆಯುವ ಮುಂಚೆ ಪುಸ್ತಕಗಳು ಬರಬೇಕಲ್ಲ" ಎಂದಳು. ಅವಳ ಮಾತಿನಲ್ಲಿ ಸತ್ಯವಿದೆ. ಹತ್ತು ವರ್ಷದ ಹಿಂದೆ ಈ ಊರಿಗೆ ನಾನು ಬಂದಾಗ ಕನ್ನಡ ಪುಸ್ತಕ ಬೇಕಾದರೆ ಬೆಂಗಳೂರಿಗೆ ಹೋದವರ ಕೈಯಲ್ಲಿ ತರಿಸಬೇಕಾಗಿತ್ತು. ಆ ಕಷ್ಟ ತಪ್ಪಿಸಿದ್ದು ದೊಡ್ಡ ಅಂಗಡಿಗಳೇ. ಕುಕ್ಕರಿನ ರಬ್ಬರನ್ನು ಈಗಲೂ ಅಲ್ಲಿಂದಲೇ ತರಿಸುತ್ತೇವೆ. ರಬ್ಬರಿಗೆ ಲೇಖಕನು ಬೇಕಿಲ್ಲ.

ಪುಸ್ತಕಗಳಿಗೆ ನಾವು ಆರು ಮನೆಯವರು ಸೇರಿ ಒಂದು ಏರ್ಪಾಡು ಮಾಡಿಕೊಂಡಿದ್ದೇವೆ. ಮೂರು ತಿಂಗಳಿಗೊಮ್ಮೆ ಎಲ್ಲರ ಪಟ್ಟಿಯನ್ನು ಒಟ್ಟುಗೂಡಿಸಿ ಒಬ್ಬರೇ ಪ್ರಕಾಶಕರಿಗೆ ಬರೆಯುವುದು. 5 ಕಿಲೋದ ಒಂದೇ ಕಟ್ಟಾಗಿ ತರಿಸಿದರೆ ಅಂಚೆಯ ವೆಚ್ಚ ಮನೆಗೆ 20 ರೂಪಾಯಿ ದಾಟುವುದಿಲ್ಲ. ಮೊದಲ ಕಟ್ಟಿನಲ್ಲಿ ಹದಿನೇಳು ಪುಸ್ತಕಗಳು ಬಂದವು. ಅದನ್ನು ಬಿಚ್ಚಿದ ಭಾನುವಾರ ನಮ್ಮ ಮನೆಯಲ್ಲಿ ಕಾಫಿಗೆ ಹಾಲು ಸಾಲದಾಯಿತು. ಎರಡನೆಯ ಪಟ್ಟಿ ದಸರೆಗೆ ಮುಂಚೆ ಹೋಗತಕ್ಕದ್ದು. ಸೇರಬಯಸುವ ಮನೆಯವರು ಸಂಘದ ತಿಂಗಳ ಸಭೆಯಲ್ಲಿ ನನ್ನನ್ನು ಕಾಣಬಹುದು.

ಹೊಸ ಅಕ್ಷರಮಾಲೆಯಲ್ಲಿಯೂ ಒಂದು ಅಚ್ಚಿನ ತಪ್ಪು ಸಿಕ್ಕಿತು. 'ಚತ್ರಿ' ಎಂದಿತ್ತು. ಕಂಡುಹಿಡಿದವಳು ಮಗಳೇ. ಪ್ರಕಾಶಕರಿಗೆ ತಿಳಿಸಿದೆವು. ಅವರು "ಅಯ್ಯೋ, ಛಕಾರ ಹೋಯಿತೇ! ಮುಂದಿನ ಮುದ್ರಣದಲ್ಲಿ ತಿದ್ದಲು ಬರೆದವರಿಗೆ ಹೇಳುತ್ತೇನೆ. ಹಿಡಿದವರು ಯಾರು?" ಎಂದರು. ಟೆಲಿಫೋನನ್ನು ಮಗಳ ಕೈಗೆ ಕೊಟ್ಟೆ. ಮಾತನಾಡಿದ ಮೇಲೆ ಅವಳು ಪೆನ್ಸಿಲು ತೆಗೆದುಕೊಂಡು ಆ ಪುಟದಲ್ಲಿ 'ಚ'ಕಾರವನ್ನು ಹೊಡೆದು 'ಛ' ಎಂದು ತಿದ್ದಿದಳು. ಆಮೇಲೆ ಕಪಾಟಿನ ಕೆಳಗಿನಿಂದ ಹೊಳೆಯುವ ಹಳೆಯ ಪುಸ್ತಕವನ್ನು ಎಳೆದು ತಂದು, ನವಿಲಿನ ಪುಟವನ್ನು ತೆಗೆದು, ಅಲ್ಲಿಯೂ ತಿದ್ದಲು ಕುಳಿತಳು.